ಟೂಲ್ ಮೊದಲು, ಪ್ರೆಸ್ ಆಮೇಲೆ

ಹೋದ ಸಂಚಿಕೆಯಲ್ಲಿ ಪೀಣ್ಯದ ನಮ್ಮ ಪ್ರೆಸ್ ಶಾಪ್ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಒಂದು ಬೆಂಚ್ ವೈಸ್, ಮೂರು ಜನರಿಂದ ಶುರುವಾದ ಶೆಡ್ ಅದು. ಈಗ 9 ಪ್ರೆಸ್ ಇವೆ, 34 ಜನ ಇದ್ದೇವೆ. ತಗಡು ಕತ್ತರಿಸಿ, ತೂತು ಹೊಡೆದು, ಬಗ್ಗಿಸಿ ಬಿಡಿಭಾಗ ಮಾಡುತ್ತೇವೆ. ಅದಕ್ಕೆ ಬೇಕಾದ ಪಂಚ್ (ಮೇಲಿಂದ ಇಳಿದು ಹೊಡೆಯುವ ಭಾಗ), ಡೈ (ಕೆಳಗೆ ಅದಕ್ಕೆ ಹೊಂದುವ ಅಚ್ಚು) ಕೂಡ ನಾವೇ ಮಾಡುತ್ತೇವೆ. ಇವೆರಡೂ ಸೇರಿದ ಜೋಡಿಗೇ ಟೂಲ್ ಅನ್ನುವುದು. ಓದಿದವರಿಂದ ಬಹಳ ಪತ್ರ ಬಂದವು. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಆರಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿ 6 ವರ್ಷದಿಂದ ಕೆಲಸದಲ್ಲಿದ್ದೇನೆ. ಗೋಕುಲ ರಸ್ತೆಯಲ್ಲಿ ಒಂದು ಶೆಡ್ ಬಾಡಿಗೆಗೆ ಸಿಗುತ್ತದೆ. ಕೈಯಲ್ಲಿರುವ ಹಣಕ್ಕೆ ಎರಡು ಹಳೆಯ ಪವರ್ ಪ್ರೆಸ್ ಬರುತ್ತವೆ. ತಗೊಂಡು ಶುರು ಮಾಡಲಾ? (ಓದುಗರು, ಹುಬ್ಬಳ್ಳಿ)

ಪ್ರೆಸ್ ಈಗಲೇ ತಗೋಬೇಡಿ. ಆ ಹಣದಲ್ಲಿ ಪಂಚ್, ಡೈಗಳ ಮೈಯನ್ನು ಸಾಣೆ ಹಿಡಿದು ಸಮ ಮಾಡುವ ಒಂದು ಒಳ್ಳೆಯ ಸರ್ಫೇಸ್ ಗ್ರೈಂಡರ್ ತಗೊಳ್ಳಿ. ನಾನು 1996ರಲ್ಲಿ ಪೀಣ್ಯ ಎರಡನೇ ಹಂತದಲ್ಲಿ ಶೆಡ್ ಹಿಡಿದಾಗ ನನ್ನ ಹತ್ತಿರ ಇದ್ದದ್ದು ಒಂದು ಬೆಂಚ್ ವೈಸ್, ಒಂದು ಡ್ರಿಲ್ಲಿಂಗ್ ಮೆಷಿನ್, ಯಾರೋ ಮಾರಿದ ಹಳೆಯ ಗ್ರೈಂಡರ್. ಅಷ್ಟೇ. ಬೇರೆಯವರ ಟೂಲ್ ರಿಪೇರಿ ಮಾಡಿಕೊಡುತ್ತಿದ್ದೆ. ಮೊಂಡಾದ ಪಂಚ್ ತಂದು ಕೊಡುತ್ತಿದ್ದರು. ಗ್ರೈಂಡ್ ಮಾಡಿ, ಸೆಟ್ ಮಾಡಿ ಸಂಜೆಗೆ ಕೊಡುತ್ತಿದ್ದೆ. ಸಂಜೆಯೇ ದುಡ್ಡು ಸಿಗುತ್ತಿತ್ತು.

ಪ್ರೆಸ್ ಕೆಲಸದಲ್ಲಿ ಹಾಗಲ್ಲ. ಜಾಬ್ ವರ್ಕ್ ಅಂದರೆ ಹೊಡೆತಕ್ಕೆ ಇಷ್ಟು ಪೈಸೆ ಅಂತ ಲೆಕ್ಕ. ಲಕ್ಷ ಹೊಡೆತ ಹೊಡೆದ ಮೇಲೆ ಬಿಲ್ಲು, ಬಿಲ್ಲಾದ ಎರಡು ಮೂರು ತಿಂಗಳಿಗೆ ಹಣ. ಅಲ್ಲಿಯವರೆಗೆ ಬಾಡಿಗೆ, ಕರೆಂಟು, ಸಂಬಳ ಎಲ್ಲ ನಿಮ್ಮ ಕೈಯಿಂದ ಹೋಗಬೇಕು. ಹೊಸ ಟೂಲ್ ಆರ್ಡರ್‌ಗೆ ಆದರೆ ಅರ್ಧ ಮುಂಗಡ ಕೇಳಬಹುದು. ಕೇಳಿದರೆ ಕೊಡುತ್ತಾರೆ, ನಾಚಿಕೆ ಪಡಬೇಡಿ.

ಇನ್ನೊಂದು ಕಾರಣವೂ ಇದೆ. ರಿಪೇರಿಗೆ ಬಂದ ಟೂಲ್ ಬಿಚ್ಚಿದಾಗ ಆ ಕಂಪನಿಯ ಕಷ್ಟ ಏನು ಅಂತ ನಿಮಗೆ ಕಾಣುತ್ತದೆ. ಪಂಚ್ ಒಂದೇ ಕಡೆ ಸವೆದಿದ್ದರೆ ಪಂಚ್, ಡೈ ನೇರ ಕೂರುವಂತೆ ಹಿಡಿಯುವ ಪಿಲ್ಲರ್, ಬುಶ್ ಸಡಿಲವಾಗಿದೆ ಅಂತ ಅರ್ಥ. ಅದನ್ನು ಅವರಿಗೆ ಹೇಳಿ, ಸರಿ ಮಾಡಿಕೊಡಿ. ನನ್ನ ಮೊದಲ ಮೂರು ಗಿರಾಕಿಗಳು ಹಾಗೆ ಸಿಕ್ಕವರೇ. ಮೊದಲ 10 ಟನ್ ಪ್ರೆಸ್ ಬಂದದ್ದು ಎರಡು ವರ್ಷದ ಮೇಲೆ, 1998ರಲ್ಲಿ. ಅದಕ್ಕೆ ಕೆಲಸ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಪ್ರೆಸ್ ಬರುವ ಮೊದಲೇ ಕೆಲಸ ಕಾಯುತ್ತಿತ್ತು.

ಶೆಡ್ ಹಿಡಿಯುವ ಮುಂಚೆ ಒಂದು ದಿನ ಸುಮ್ನೆ ಆ ರಸ್ತೆಯಲ್ಲಿ ನಡೆದು ನೋಡಿ. ಹೀಟ್ ಟ್ರೀಟ್‌ಮೆಂಟ್ ಎಲ್ಲಿದೆ, ವೈರ್‌ಕಟ್ (ಕರೆಂಟು ಹರಿಯುವ ತಂತಿಯಿಂದ ಉಕ್ಕು ಕತ್ತರಿಸುವುದು) ಯಾರು ಮಾಡುತ್ತಾರೆ, ಜಿಂಕ್ ಪ್ಲೇಟಿಂಗ್ ಎಲ್ಲಿ, ಶೇರಿಂಗ್ ಮೆಷಿನ್ ಯಾರ ಹತ್ತಿರ ಇದೆ ಅಂತ ಬರೆದುಕೊಳ್ಳಿ. ಪೀಣ್ಯದಲ್ಲಿ ನಾನು ಬದುಕಿಕೊಂಡದ್ದು ಇವೆಲ್ಲ ಸೈಕಲ್ ತುಳಿಯುವಷ್ಟು ದೂರದಲ್ಲಿ ಇದ್ದದ್ದರಿಂದ. ಎಲ್ಲ ಮೆಷಿನ್ನೂ ನಮ್ಮದೇ ಆಗಬೇಕಾಗಿಲ್ಲ.

ಪ್ರಶ್ನೆ: ಕಂಪನಿಯೊಂದು ಡ್ರಾಯಿಂಗ್ ಕೊಟ್ಟು ಪೀಸಿಗೆ ರೇಟು ಕೇಳಿದೆ. ಪಕ್ಕದ ಶೆಡ್‌ನವರಿಗಿಂತ ಸ್ವಲ್ಪ ಕಡಿಮೆ ಹೇಳುವುದೇ ನಮ್ಮ ರೂಢಿ. ಸರಿಯಾದ ಲೆಕ್ಕ ಹೇಗೆ? (ಓದುಗರು, ತುಮಕೂರು)

ಪಕ್ಕದವರ ರೇಟು ನೋಡಿ ಹೇಳುವ ಅಭ್ಯಾಸ ಇವತ್ತೇ ಬಿಟ್ಟುಬಿಡಿ. ಅವರ ಲೆಕ್ಕ ತಪ್ಪಿದ್ದರೆ ನೀವೂ ಅವರ ಜೊತೆ ಮುಳುಗುತ್ತೀರಿ.

ಒಂದು ಉದಾಹರಣೆ ಹಿಡಿಯೋಣ. 1.6 ಮಿ.ಮೀ. ಸಿಆರ್‌ಸಿಎ (ತಣ್ಣಗೆ ರೋಲ್ ಮಾಡಿದ ಉಕ್ಕಿನ) ಶೀಟಿನ ಬ್ರಾಕೆಟ್. ಉದ್ದ 48, ಅಗಲ 40. ಎರಡು 8 ಮಿ.ಮೀ. ತೂತು, ಮಧ್ಯೆ 20ಕ್ಕೆ 10ರ ಒಂದು ಕಿಟಕಿ. ಉಕ್ಕಿನ ತೂಕಕ್ಕೆ ಉದ್ದ, ಅಗಲ, ದಪ್ಪ ಮಿ.ಮೀ.ನಲ್ಲಿ ಗುಣಿಸಿ, 7.85ರಿಂದ ಗುಣಿಸಿ, 10 ಲಕ್ಷದಿಂದ ಭಾಗಿಸಿದರೆ ಕೆಜಿ ಬರುತ್ತದೆ. ಈ ಪೀಸಿನ ನಿಜ ತೂಕ ಸುಮಾರು 20.3 ಗ್ರಾಂ. ಆದರೆ ನೀವು ದುಡ್ಡು ಕೊಡುವುದು 20 ಗ್ರಾಮಿಗೆ ಅಲ್ಲ.

2500ಕ್ಕೆ 1250ರ ಶೀಟು ತಗೊಳ್ಳಿ, ತೂಕ 39 ಕೆಜಿ 250 ಗ್ರಾಂ. ಪೀಸಿನ ನಡುವೆ 2 ಮಿ.ಮೀ., ಶೀಟಿನಿಂದ ಕತ್ತರಿಸಿದ ಪಟ್ಟಿಯ ಎರಡು ಅಂಚಿಗೆ ತಲಾ 2 ಮಿ.ಮೀ. ಬಿಡಬೇಕು. ಉದ್ದುದ್ದ ಹಾಕಿದರೆ ಪಟ್ಟಿಯ ಅಗಲ 44, ಹೆಜ್ಜೆ (ಒಂದು ಪೀಸಿನಿಂದ ಮುಂದಿನ ಪೀಸಿಗೆ ಇರುವ ದೂರ) 50. ಶೀಟಿಗೆ 28 ಪಟ್ಟಿ, ಪಟ್ಟಿಗೆ 50 ಪೀಸು, ಒಟ್ಟು 1400. ಈಗ ಅದೇ ಪೀಸನ್ನು ಅಡ್ಡ ತಿರುಗಿಸಿ. ಪಟ್ಟಿಯ ಅಗಲ 52, ಹೆಜ್ಜೆ 42. ಶೀಟಿಗೆ 24 ಪಟ್ಟಿ, ಪಟ್ಟಿಗೆ 59 ಪೀಸು. ಒಟ್ಟು 1416. ಸುಮ್ನೆ ತಿರುಗಿಸಿದ್ದಕ್ಕೆ ಶೀಟಿಗೆ 16 ಪೀಸು ಜಾಸ್ತಿ! ಲಕ್ಷ ಪೀಸಿಗೆ ಸುಮಾರು 32 ಕೆಜಿ ಉಕ್ಕು ಉಳಿಯಿತು. ಇದು ಟೂಲ್ ಮಾಡುವ ಮೊದಲು, ಕಾಗದದ ಮೇಲೆ ಉಳಿಸುವ ದುಡ್ಡು. ಟೂಲ್ ಆದ ಮೇಲೆ ಏನೂ ಮಾಡಲು ಆಗುವುದಿಲ್ಲ.

ಒಂದು ಎಚ್ಚರಿಕೆ. ಪೀಸಿಗೆ ಬೆಂಡ್ ಇದ್ದರೆ ಹೀಗೆ ತಿರುಗಿಸುವ ಮುಂಚೆ ಶೀಟು ರೋಲ್ ಆದ ದಿಕ್ಕು ನೋಡಿ. ಬೆಂಡಿನ ಗೆರೆ ಆ ದಿಕ್ಕಿನ ಉದ್ದಕ್ಕೇ ಬಂದರೆ ಬಗ್ಗಿಸುವಾಗ ಹೊರಮೈ ಬಿರುಕು ಬಿಡಬಹುದು. ನಾನು ಒಮ್ಮೆ ಹಾಗೆ ಉಕ್ಕು ಉಳಿಸಲು ಹೋಗಿ ಒಂದು ಲಾಟ್ ಪೂರ್ತಿ ಗುಜರಿಗೆ ಹಾಕಿದ್ದೇನೆ.

ಈ ಬ್ರಾಕೆಟ್‌ಗೆ ಬೆಂಡ್ ಇಲ್ಲ. 1416ರ ಲೆಕ್ಕದಲ್ಲಿ ಪೀಸಿಗೆ 27.7 ಗ್ರಾಂ ಉಕ್ಕು ಬೇಕು. ಲೆಕ್ಕಕ್ಕೆ ಶೀಟು ಕೆಜಿಗೆ 70 ರೂಪಾಯಿ, ಸ್ಕ್ರ್ಯಾಪ್ 30 ರೂಪಾಯಿ ಅಂತ ಇಟ್ಟುಕೊಳ್ಳಿ. ಉಕ್ಕಿಗೆ 1 ರೂಪಾಯಿ 94 ಪೈಸೆ. ಸ್ಕ್ರ್ಯಾಪ್‌ನಿಂದ 22 ಪೈಸೆ ವಾಪಸ್. ಇಲ್ಲಿಗೆ ಉಕ್ಕಿನ ಖರ್ಚು 1 ರೂಪಾಯಿ 72 ಪೈಸೆ. ಇದಕ್ಕೆ ಹೊಡೆತದ ಖರ್ಚು, ಟೂಲ್ ಸೆಟ್ ಮಾಡುವ ಹೊತ್ತು, ಗ್ರೈಂಡಿಂಗ್, ಪ್ಲೇಟಿಂಗ್, ರಿಜೆಕ್ಷನ್, ಪ್ಯಾಕಿಂಗ್, ಗಾಡಿ ಬಾಡಿಗೆ ಸೇರಿಸಿ. ಹಣ ಮೂರು ತಿಂಗಳು ತಡವಾದರೆ ಬ್ಯಾಂಕಿಗೆ ನೀವು ಕಟ್ಟುವ ಬಡ್ಡಿಯನ್ನೂ ಸೇರಿಸಿ. ಸಣ್ಣ ಶೆಡ್‌ಗಳು ಮರೆಯುವುದು ಸೆಟ್ಟಿಂಗ್ ಹೊತ್ತು ಮತ್ತು ಬಡ್ಡಿ, ಇವೆರಡನ್ನೇ.

ಪ್ರೆಸ್ ಎಷ್ಟು ಟನ್ ಬೇಕು ಅಂತಲೂ ಅಲ್ಲೇ ನೋಡಿಕೊಳ್ಳಿ. ಕತ್ತರಿಸುವ ಗೆರೆಯ ಒಟ್ಟು ಉದ್ದ, ದಪ್ಪ, ಆಮೇಲೆ ಮೆತ್ತನೆಯ ಉಕ್ಕಿಗೆ ಚದರ ಮಿ.ಮೀ.ಗೆ 40 ಕೆಜಿ. ಮೂರನ್ನೂ ಗುಣಿಸಿ. ನಮ್ಮ ಪೀಸಿಗೆ ಗೆರೆ 286 ಮಿ.ಮೀ., ಒತ್ತಡ ಸುಮಾರು 18 ಟನ್. 20 ಟನ್ ಪ್ರೆಸ್ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಪಂಚ್ ಮೊಂಡಾಗುತ್ತಾ ಹೋದಂತೆ ಒತ್ತಡ ಏರುತ್ತದೆ, ಪಟ್ಟಿಯನ್ನು ಪಂಚ್‌ನಿಂದ ಬಿಡಿಸುವುದಕ್ಕೂ ಬಲ ಬೇಕು. 30 ಟನ್‌ಗೆ ಹಾಕಿ.

ಪ್ರಶ್ನೆ: ಮೂರು ಜನರಿಂದ 34 ಜನಕ್ಕೆ ಬೆಳೆದೆವು ಅಂದಿರಿ. ನಮ್ಮದೂ ಸಣ್ಣ ಪ್ರೆಸ್ ಶಾಪ್. 12 ವರ್ಷದಿಂದ ಅಲ್ಲೇ ನಿಂತಿದೆ. ನಿಮಗೆ ತಿರುವು ಸಿಕ್ಕಿದ್ದು ಎಲ್ಲಿ? (ಓದುಗರು, ಮೈಸೂರು)

ನನಗೆ ಎರಡು ಸಲ ತಿರುವು ಸಿಕ್ಕಿತು. ಮೊದಲನೆಯದು 2004ರಲ್ಲಿ. ಸ್ವಿಚ್‌ಗೇರ್‌ಗೆ (ಕರೆಂಟು ಹಾಕುವ, ತೆಗೆಯುವ ಉಪಕರಣ) ಹೋಗುವ ಒಂದು ಸಣ್ಣ ಹಿತ್ತಾಳೆ ಟರ್ಮಿನಲ್ ಮಾಡುತ್ತಿದ್ದೆವು. ಒಂದು ಪ್ರೆಸ್‌ನಲ್ಲಿ ತೂತು, ಇನ್ನೊಂದರಲ್ಲಿ ಕತ್ತರಿಸುವುದು, ಮೂರನೆಯದರಲ್ಲಿ ಬಗ್ಗಿಸುವುದು. ಮೂರು ಜನ ಪೀಸನ್ನು ಕೈಯಲ್ಲಿ ಎತ್ತಿ ಎತ್ತಿ ಇಡಬೇಕು. ಆರ್ಡರ್ ಮೂರು ಪಟ್ಟು ಮಾಡುತ್ತೇವೆ ಅಂದರು. ಎಲ್ಲರೂ ಇನ್ನೂ ಮೂರು ಪ್ರೆಸ್ ಹಾಕು ಅಂದರು. ನಾನು ಪ್ರೊಗ್ರೆಸಿವ್ ಟೂಲ್ ಮಾಡಲು ಕೂತೆ. ಪಟ್ಟಿ ಒಂದು ಕಡೆಯಿಂದ ಒಳಗೆ ಹೋಗುತ್ತದೆ, ಪ್ರತಿ ಹೊಡೆತಕ್ಕೆ ಒಂದು ಹೆಜ್ಜೆ ಮುಂದೆ ಸಾಗುತ್ತದೆ, ತೂತು, ಬೆಂಡ್ ಎಲ್ಲ ಸಾಲಾಗಿ ಆಗಿ ಕೊನೆಯಲ್ಲಿ ಪೂರ್ತಿ ಪೀಸು ಬೀಳುತ್ತದೆ. ಮನೆಯವರು ಬಳೆ ಕೊಟ್ಟರು, ಒತ್ತೆ ಇಟ್ಟೆ. ಉಳಿದದ್ದು ಬ್ಯಾಂಕ್ ಸಾಲ.

ಮೊದಲ ಟ್ರಯಲ್ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ತೂತಿನಿಂದ ಕೆಳಗೆ ಬೀಳಬೇಕಾದ ಬಿಲ್ಲೆ ಪಂಚ್‌ಗೆ ಅಂಟಿಕೊಂಡು ಮೇಲೆ ಬಂತು. ಅದು ಪಟ್ಟಿಯ ಮೇಲೆ ಬಿದ್ದು ಮುಂದಿನ ಹೊಡೆತಕ್ಕೆ ಎರಡು ಪಂಚ್ ಮುರಿದವು. ಮತ್ತೆ ಮಾಡಿ ಹಾಕಿದೆ, ಮತ್ತೆ ಮುರಿಯಿತು. ಹನ್ನೊಂದು ದಿನ ಶೆಡ್‌ನಲ್ಲೇ ಮಲಗಿದೆ. ಕೊನೆಗೆ ಪಂಚ್‌ನ ನಡುವೆ ಸ್ಪ್ರಿಂಗ್ ಹಾಕಿದ ಸಣ್ಣ ಪಿನ್ ಇಟ್ಟು ಬಿಲ್ಲೆಯನ್ನು ಕೆಳಗೆ ತಳ್ಳುವಂತೆ ಮಾಡಿದೆ. ಪಟ್ಟಿಯನ್ನು ಸರಿಯಾದ ಜಾಗಕ್ಕೆ ತರುವ ಪೈಲಟ್ ಪಿನ್ನನ್ನೂ ಬದಲಿಸಿದೆ. ಹನ್ನೆರಡನೇ ದಿನ ನಿಮಿಷಕ್ಕೆ 60 ಹೊಡೆತದಲ್ಲಿ ಟೂಲ್ ಓಡಿತು. ಗಂಟೆಗೆ 3600 ಪೀಸು, ಒಬ್ಬರೇ ಆಪರೇಟರ್. ಉಳಿದ ಇಬ್ಬರನ್ನು ಮನೆಗೆ ಕಳಿಸಲಿಲ್ಲ. ಬೆಂಚ್‌ಗೆ ಕರೆದು ಟೂಲ್ ಕೆಲಸ ಕಲಿಸಿದೆ. ಅವರಲ್ಲಿ ಒಬ್ಬರು ಇವತ್ತು ನಮ್ಮ ಟೂಲ್ ರೂಮ್ ನೋಡಿಕೊಳ್ಳುತ್ತಾರೆ.

ಎರಡನೆಯದು ಏಟು ತಿಂದು ಕಲಿತದ್ದು. 2008ರ ಕೊನೆಗೆ ವಾಹನದ ಕೆಲಸ ಕುಸಿಯಿತು. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಒಬ್ಬರೇ ಗಿರಾಕಿಯದು. ಅವರು ಮಾಲು ಎತ್ತುವುದು ನಿಲ್ಲಿಸಿದರು. ಆರು ಪ್ರೆಸ್ ಸುಮ್ಮನೆ ನಿಂತವು. ಆ ದಿನಗಳಲ್ಲಿ ಏನು ಮಾಡುವುದು? ರ‍್ಯಾಕ್‌ನಲ್ಲಿದ್ದ ಟೂಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆವು. ಆಗ ನನಗೆ ಗೊತ್ತಾಯಿತು, ಯಾವ ಟೂಲ್ ಎಷ್ಟು ಹೊಡೆದಿದೆ, ಎಷ್ಟು ಸಲ ಗ್ರೈಂಡ್ ಆಗಿದೆ, ಎಲ್ಲವೂ ನನ್ನ ಒಬ್ಬನ ತಲೆಯಲ್ಲಿ ಇತ್ತು. ನಾನು ಒಂದು ವಾರ ಜ್ವರ ಬಂದು ಮಲಗಿದರೆ ಶೆಡ್ಡೂ ಮಲಗುತ್ತಿತ್ತು. ನಿಮ್ಮ ಶಾಪ್ 12 ವರ್ಷದಿಂದ ನಿಂತಿರುವುದಕ್ಕೂ ಬಹುಶಃ ಇದೇ ಕಾರಣ. ಒಮ್ಮೆ ನೋಡಿಕೊಳ್ಳಿ.

ಅಂದಿನಿಂದ ಪ್ರತಿ ಟೂಲ್‌ಗೆ ಒಂದು ಕಾರ್ಡ್. ಇವತ್ತು ಎಷ್ಟು ಹೊಡೆತ, ಏನು ಮುರಿಯಿತು, ಯಾರು ಸೆಟ್ ಮಾಡಿದರು, ಗ್ರೈಂಡ್‌ನಲ್ಲಿ ಎಷ್ಟು ತೆಗೆದರು. ಇದನ್ನು ಆಪರೇಟರೇ ಕನ್ನಡದಲ್ಲಿ ಬರೆಯುತ್ತಾರೆ. ಲಾಟ್ ಮುಗಿದಾಗ ಕೊನೆಯ ಪೀಸನ್ನು ತಂತಿಯಲ್ಲಿ ಟೂಲ್‌ಗೇ ಕಟ್ಟಿ ರ‍್ಯಾಕ್‌ಗೆ ಇಡುತ್ತೇವೆ. ಆ ಪೀಸಿನ ಅಂಚು ಬೆರಳಿಂದ ಸವರಿದರೆ ಸಾಕು. ಬರ್ (ಕತ್ತರಿಸಿದ ಅಂಚಲ್ಲಿ ಏಳುವ ಚೂಪು ಏಣು) ಜಾಸ್ತಿ ಇದ್ದರೆ ಟೂಲ್ ಮೊದಲು ಬೆಂಚ್‌ಗೆ ಹೋಗುತ್ತದೆ, ಪ್ರೆಸ್‌ಗೆ ಅಲ್ಲ. ಮೊದಲು ಗಿರಾಕಿ ವಾಪಸ್ ಕಳಿಸಿದ ಮೇಲೆ ಬರ್ ಗೊತ್ತಾಗುತ್ತಿತ್ತು. ಈಗ ಮಾಲು ಹೊರಡುವ ಮೊದಲೇ ಗೊತ್ತಾಗುತ್ತದೆ.

ಸೆಟ್ಟಿಂಗ್ ಕೂಡ ಎಲ್ಲರಿಗೂ ಕಲಿಸಿದೆವು. 1.6 ಮಿ.ಮೀ. ಶೀಟಿಗೆ ಪಂಚ್‌ಗೂ ಡೈಗೂ ನಡುವೆ ಒಂದೊಂದು ಕಡೆ 0.08 ಮಿ.ಮೀ. ಜಾಗ ಇರುತ್ತದೆ. ಕೂದಲೆಳೆಯಷ್ಟು. ಅದು ಸುತ್ತಲೂ ಸಮ ಇದೆಯಾ ಅಂತ ನೋಡಲು ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ತೆಳು ಕಾಗದ ಕತ್ತರಿಸಿ ನೋಡಬೇಕು. ಒಂದು ಕಡೆ ಕಾಗದ ಸರಿಯಾಗಿ ಕತ್ತರಿಸಿ ಇನ್ನೊಂದು ಕಡೆ ಹರಿದಂತೆ ಬಂದರೆ ಟೂಲ್ ಪಕ್ಕಕ್ಕೆ ಸರಿದಿದೆ ಅಂತ. ಈ ವಿದ್ಯೆಯನ್ನು ನಾನು ಹತ್ತು ವರ್ಷ ನನ್ನಲ್ಲೇ ಇಟ್ಟುಕೊಂಡಿದ್ದೆ. ಕಲಿಸಿದರೆ ಬಿಟ್ಟು ಹೋಗುತ್ತಾರೆ ಅಂತ ಹೆದರಿಕೆ. ಕಲಿತ ಮೇಲೆ ಇಬ್ಬರು ಹೋದರು, ನಿಜ. ಅವರು ಸ್ವಂತ ಶೆಡ್ ಮಾಡಿದರು. ಕೆಲಸ ಜಾಸ್ತಿ ಆದಾಗ ನಾನು ಈಗ ಅವರಿಗೇ ಕೊಡುತ್ತೇನೆ.

ಅಂದಿನಿಂದ ಯಾವ ಗಿರಾಕಿಯ ಕೆಲಸವೂ ನಮ್ಮ ಒಟ್ಟು ಕೆಲಸದ ಮೂರನೇ ಒಂದು ಪಾಲು ದಾಟದ ಹಾಗೆ ನೋಡಿಕೊಳ್ಳುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ ಬದುಕಿ ಉಳಿದದ್ದು ಇದರಿಂದಲೇ.

ಪ್ರಶ್ನೆ: ದೊಡ್ಡ ಕಂಪನಿ 120 ದಿನ ಆದರೂ ಹಣ ಕೊಡುತ್ತಿಲ್ಲ. ಕೇಳಿದರೆ ಆರ್ಡರ್ ನಿಲ್ಲುತ್ತದೆ ಅಂತ ಭಯ. (ಓದುಗರು, ಬೆಳಗಾವಿ)

ಈ ಭಯ ನನಗೂ ಗೊತ್ತು. ಒಂದು ಕಂಪನಿ ನಮ್ಮ ಹಣ ಎಂಟು ತಿಂಗಳು ಹಿಡಿದಿತ್ತು. ಆ ಸಂಕ್ರಾಂತಿಗೆ ಹುಡುಗರಿಗೆ ಸಂಬಳ ಕೊಡಲು ಗ್ರೈಂಡರ್ ಮಾರುವ ಮಟ್ಟಕ್ಕೆ ಬಂದಿದ್ದೆ.

ಕಾನೂನು ನಿಮ್ಮ ಕಡೆ ಇದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ಬರವಣಿಗೆಯಲ್ಲಿ ಏನೇ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಇನ್ನೊಂದು ಬಿಗಿ ಬಂದಿದೆ. ಈ ಅವಧಿಯೊಳಗೆ ಹಣ ಕೊಡದಿದ್ದರೆ ಆ ಖರ್ಚನ್ನು ಕಂಪನಿ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ, ನಿಜವಾಗಿ ಕೊಟ್ಟ ವರ್ಷವೇ ಕಳೆಯಬೇಕು. ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಈ ಮಾತು ಬೇಗ ಕೇಳಿಸುತ್ತದೆ.

ಇದೆಲ್ಲ ಸಿಗಬೇಕಾದರೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರಬೇಕು. ಮಾಲು ಕಳಿಸುವ ಮೊದಲೇ ಇರಲಿ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ಬೆಳೆದರೆ ಸೌಲಭ್ಯ ಹೋಗುತ್ತದೆ ಅಂತ ಕೆಲವರು ಹೆದರುತ್ತಾರೆ. 2025ರ ಏಪ್ರಿಲ್‌ನಿಂದ ಮೆಷಿನ್ ಮೇಲಿನ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ಸಣ್ಣ ಉದ್ಯಮವೇ. ನಮ್ಮಂಥವರಿಗೆ ಅದು ಬಹಳ ದೂರದ ಗೆರೆ.

ಮೊದಲೇ ದೂರು ಕೊಡಬೇಡಿ. ಪರ್ಚೇಸ್‌ನವರನ್ನು ಬಿಟ್ಟು ಫೈನಾನ್ಸ್‌ನವರಿಗೆ ಗೌರವದಿಂದ ಒಂದು ಪತ್ರ ಬರೆಯಿರಿ, ಬಿಲ್ಲುಗಳ ಪಟ್ಟಿ ಹಾಕಿ. ಆಗಲೂ ಬರದಿದ್ದರೆ ಇಂಥ ಬಾಕಿ ಹಣದ ದೂರು ಕೇಳುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಿ. ನಾನು ಹೋದೆ. ಆ ಕಂಪನಿಯ ಆರ್ಡರ್ ನಿಂತಿತು, ಹಣ ಬಂತು. ಹಣ ಕೊಡದವರ ಆರ್ಡರ್ ಕಳೆದುಕೊಂಡದ್ದಕ್ಕೆ ನನಗೆ ಬೇಸರ ಇಲ್ಲ.

ಪ್ರಶ್ನೆ: ಮಗ ಐಟಿಐ ಮುಗಿಸಿ ಬೆಂಗಳೂರಲ್ಲಿ ಪ್ರೆಸ್ ಆಪರೇಟರ್ ಆಗಿ ಸೇರಿದ್ದಾನೆ. ಬೆರಳು ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಬಿಡಿಸಿಬಿಡಲಾ? (ತಾಯಿ, ಅರಸೀಕೆರೆ)

ಅಮ್ಮ, ನಿಮ್ಮ ಹೆದರಿಕೆ ಸುಳ್ಳಲ್ಲ. ನಾನು ಕೆಲಸ ಕಲಿತ ಶೆಡ್ಡಿನಲ್ಲಿ ನನ್ನ ಪಕ್ಕದ ಹುಡುಗನ ಎರಡು ಬೆರಳು ನನ್ನ ಕಣ್ಣೆದುರೇ ಹೋದವು. ಹಳೆಯ ಪಿನ್ ಕ್ಲಚ್ ಪ್ರೆಸ್. ಒಂದು ಸಲ ಪೆಡಲ್ ಒತ್ತಿದರೆ ಎರಡು ಸಲ ಹೊಡೆಯಿತು. ಪ್ರೆಸ್‌ಗೆ ಗಾರ್ಡ್ ಇರಲಿಲ್ಲ. ಆ ಸದ್ದು ನಾನು ಮರೆತಿಲ್ಲ.

ಮಗನಿಗೆ ಫೋನ್ ಮಾಡಿ ಮೂರು ಕೇಳಿ. ಪ್ರೆಸ್‌ಗೆ ಎರಡು ಬಟನ್ ಇದೆಯಾ, ಎರಡೂ ಕೈ ಒಟ್ಟಿಗೆ ಒತ್ತಿದರೆ ಮಾತ್ರ ಹೊಡೆಯುತ್ತದಾ? ಡೈ ಸುತ್ತ ಗಾರ್ಡ್ ಇದೆಯಾ? ಪೀಸು ಇಡಲು ಚಿಮಟ ಅಥವಾ ಮ್ಯಾಗ್ನೆಟ್ ಕೊಟ್ಟಿದ್ದಾರಾ, ಇಲ್ಲ ಬೆರಳಲ್ಲೇ ಇಡುತ್ತಾನಾ? ಒಂದು ಬಟನ್‌ಗೆ ಬೆಂಕಿಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುವುದನ್ನು ನಾನು ನೋಡಿದ್ದೇನೆ. ಪೀಸಿನ ಲೆಕ್ಕಕ್ಕೆ ಸಂಬಳ ಕೊಡುವ ಕಡೆ ಹುಡುಗರು ಹಾಗೆ ಮಾಡುತ್ತಾರೆ. ತಪ್ಪು ಹುಡುಗರದ್ದಲ್ಲ, ಹಾಗೆ ಕೂಲಿ ಕೊಡುವ ಮಾಲೀಕನದು. ನಮ್ಮಲ್ಲಿ ತಿಂಗಳ ಸಂಬಳ ಮಾತ್ರ.

ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಕೊಟ್ಟಿದ್ದಾರಾ ಅಂತಲೂ ಕೇಳಿ. 10 ಜನ ಇರುವ ಕಾರ್ಖಾನೆಯಲ್ಲಿ ಅದು ಇರಲೇಬೇಕು. ಈ ಉತ್ತರಗಳು ಸರಿ ಇಲ್ಲದಿದ್ದರೆ ಆ ಜಾಗ ಬಿಡಿಸಿ, ಕೆಲಸ ಬಿಡಿಸಬೇಡಿ. ಒಳ್ಳೆಯ ಶಾಪ್‌ಗಳು ಬೇಕಾದಷ್ಟಿವೆ. ಅವನಿಗೆ ಟೂಲ್ ಕೆಲಸ ಕಲಿಯುವ ಆಸೆ ಇದ್ದರೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸಲಿ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಈಗ ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳಿವೆ. ಎಸ್‌ಎಸ್‌ಎಲ್‌ಸಿ ಆದವರಿಗೆ ಡಿಪ್ಲೊಮಾ ಇದೆ, ಕೆಲಸದಲ್ಲಿರುವವರಿಗೆ ಸಣ್ಣ ಕೋರ್ಸೂ ಇವೆ.

ಪ್ರಶ್ನೆ: ಗಿರಾಕಿ ತಮ್ಮ ಟೂಲ್ ಕೊಟ್ಟು ನಮ್ಮಿಂದ ಪೀಸು ಹೊಡೆಸುತ್ತಾರೆ. ಟೂಲ್ ಮುರಿದರೆ ಖರ್ಚು ಯಾರದು? (ಓದುಗರು, ದೊಡ್ಡಬಳ್ಳಾಪುರ)

ಒಳಗೆ ತಗೊಳ್ಳುವ ದಿನವೇ ಬರೆದುಕೊಂಡರೆ ಜಗಳ ಇರುವುದಿಲ್ಲ. ಟೂಲ್ ಬಂದಾಗ ಬಿಚ್ಚಿ ಫೋಟೋ ತೆಗೆಯಿರಿ. ಬಿರುಕು, ಚಿಪ್ ಆದ ಜಾಗ ಇದ್ದರೆ ಚಲನ್ ಮೇಲೇ ಬರೆದು ಅವರ ಸಹಿ ಹಾಕಿಸಿ. ಸವೆತದಿಂದ ಆಗುವ ಗ್ರೈಂಡಿಂಗ್ ಅವರ ಖರ್ಚು, ಸೆಟ್ಟಿಂಗ್ ತಪ್ಪಿ ಮುರಿದರೆ ನಿಮ್ಮ ಖರ್ಚು, ಇಷ್ಟು ಮೊದಲೇ ಮಾತಾಡಿಕೊಳ್ಳಿ. ಎಷ್ಟು ಹೊಡೆತಕ್ಕೊಮ್ಮೆ ಗ್ರೈಂಡ್ ಅಂತ ಸಂಖ್ಯೆಯನ್ನೂ ಹಾಕಿ. ನಮ್ಮಲ್ಲಿ 1.6 ಮಿ.ಮೀ. ಶೀಟಿಗೆ 30 ಸಾವಿರಕ್ಕೊಮ್ಮೆ ಬಿಚ್ಚಿ ನೋಡುತ್ತೇವೆ. ವಾಪಸ್ ಕೊಡುವಾಗ ಒರೆಸಿ, ಎಣ್ಣೆ ಹಚ್ಚಿ, ಕೊನೆಯ ಪೀಸು ಕಟ್ಟಿ ಕೊಡಿ.